ಮೈಸೂರಿನ ಅವಳಿ ಸಿಲಿಂಡರಿನ ಮೋಟಾರು ಸೈಕಲ್ಲು : ಅದರ ರಚನೆ ಮತ್ತು ಇತಿಹಾಸ

ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ನೆರೆಯಲ್ಲಿ, ಹುಲಸೂರು ಹುಮನಾಬಾದುಗಳ ಸೀಮೆಯಲ್ಲಿ, ಇತಿಹಾಸವನ್ನು ಅಭ್ಯಾಸ ಮಾಡುವವರ ದೃಷ್ಟಿಯು ಶಾಸನ, ಕೋಟೆ ಮತ್ತು ಶರಣರ ಚರಿತ್ರೆಗಳ ಕಡೆಗೆ ತಿರುಗುವುದು ಸಹಜವೇ ಆಗಿದೆ. ಆದರೆ ಕಾಯಕದ ಮಹತ್ತ್ವವನ್ನು ಸಾರಿದ ಈ ನೆಲದಲ್ಲಿ ನಿಂತು ವಿಚಾರ ಮಾಡುವಾಗ, ನಮ್ಮ ಕಾಲದ ಕುಶಲಕರ್ಮಿಗಳ ಕೈಕೆಲಸವನ್ನು ಇತಿಹಾಸದ ಕಕ್ಷೆಯಿಂದ ಹೊರಗಿಡುವುದು ಉಚಿತವೇ ಎಂಬ ಪ್ರಶ್ನೆಯೂ ಏಳುತ್ತದೆ. ಯಂತ್ರವೂ ಶಾಸನದಂತೆ ಒಂದು ದಾಖಲೆಯೇ. ಅದನ್ನು ಮಾಡಿದವರ ಅನುಕೂಲತೆ, ಮಿತಿ, ಆಶೆ ಇವೆಲ್ಲವೂ ಅದರ ಲೋಹದಲ್ಲಿ ಅಚ್ಚೊತ್ತಿರುತ್ತವೆ. ಈ ದೃಷ್ಟಿಯಿಂದ, 1980ರ ದಶಕದಲ್ಲಿ ಮೈಸೂರಿನಲ್ಲಿ ಅಲ್ಪ ಸಂಖ್ಯೆಯಲ್ಲಿ ತಯಾರಾದ ‘ಯೆಜ್ಡಿ 350’ ಎಂಬ ಅವಳಿ ಸಿಲಿಂಡರಿನ ಮೋಟಾರು ಸೈಕಲ್ಲನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಅದರ ವಂಶಾವಳಿಯನ್ನು ನೋಡೋಣ. ಜೆಕೊಸ್ಲೊವಾಕಿಯದಲ್ಲಿ ಆಯುಧಗಳ ತಯಾರಕನಾಗಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಪಡೆದು, ತನ್ನ ಹೆಸರಿನ ಮತ್ತು ಆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಜಾವಾ’ ಎಂಬ ಹೆಸರನ್ನಿಟ್ಟನು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಂದ ಹೊರಬಂದ 250 ಘನ ಸೆಂಟಿಮೀಟರಿನ ಎರಡು ಹೊಡೆತದ ಯಂತ್ರಗಳು ಸರಳತೆಗೆ ಹೆಸರಾದುವು. ಗೇರನ್ನು ಬದಲಿಸಲು ಕಾಲಿನಿಂದ ಸನ್ನೆಯನ್ನು ಒತ್ತಿದೊಡನೆ ಕ್ಲಚ್ಚು ತಾನೇ ಬಿಡುವ ಏರ್ಪಾಟು ಇವುಗಳ ವೈಶಿಷ್ಟ್ಯ. ಅದೇ ಸನ್ನೆಯನ್ನು ಹಿಂದಕ್ಕೆ ತಿರುಗಿಸಿದರೆ ಯಂತ್ರವನ್ನು ಚಾಲೂ ಮಾಡುವ ಕಿಕ್ ಆಗುತ್ತಿತ್ತು.

ಭಾರತವು ಪಂಚವಾರ್ಷಿಕ ಯೋಜನೆಗಳ ಮಾರ್ಗವನ್ನು ಹಿಡಿದಾಗ ಸಿದ್ಧವಾದ ವಾಹನಗಳ ಆಮದಿಗೆ ನಿರ್ಬಂಧ ಬಿದ್ದಿತು. ವಿದೇಶದ ವಿನ್ಯಾಸವನ್ನು ತಂದು ಇಲ್ಲಿಯೇ ತಯಾರಿಸುವುದೊಂದೇ ದಾರಿಯಾಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು 1960ರಲ್ಲಿ ‘ಐಡಿಯಲ್ ಜಾವಾ’ ಕಂಪನಿಯನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದರು. ಹೈದರಾಬಾದು ಸಂಸ್ಥಾನದಲ್ಲಿದ್ದ ಬೀದರ ಪ್ರದೇಶವು 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಸೇರಿ ಆಗ ಇನ್ನೂ ಐದು ವರ್ಷಗಳು ತುಂಬುತ್ತಿದ್ದುವಷ್ಟೆ. ಹೊಸ ರಾಜ್ಯದ ಬಡಗಣ ತುದಿಯಲ್ಲಿ ಹುಲಸೂರು, ತೆಂಕಣ ಭಾಗದಲ್ಲಿ ಈ ಕಾರ್ಖಾನೆ. ಇವೆರಡನ್ನೂ ಒಂದೇ ಆಡಳಿತದ ಕೆಳಗೆ ತಂದ ಏಕೀಕರಣವು ಆಗಿನ್ನೂ ಹೊಸದಾಗಿತ್ತು. 1970ರ ದಶಕದಲ್ಲಿ ಮೈಸೂರಿನ ಯಂತ್ರಗಳು ಜಾವಾ ಎಂಬ ಹೆಸರನ್ನು ಬಿಟ್ಟು ‘ಯೆಜ್ಡಿ’ ಎಂಬ ಹೆಸರಿನಿಂದ ಹೊರಬರತೊಡಗಿದುವು.

ಇನ್ನು ರಚನೆಯ ವಿಚಾರ. ಮೈಸೂರಿಗೆ ಕೀರ್ತಿಯನ್ನು ತಂದದ್ದು ಒಂಟಿ ಸಿಲಿಂಡರಿನ 250. ಅದರ ಮೂಲ ಮಾದರಿಯಲ್ಲಿ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಅವಳಿ ಯಂತ್ರದ ಮೂಲವಾದರೋ ಜಾವಾ ಕಂಪನಿಯ 634ನೆಯ ಮಾದರಿ. ಇದರಲ್ಲಿ ಪ್ರತಿಯೊಂದು ಸಿಲಿಂಡರಿನ ವ್ಯಾಸ 58, ಓಟ 65 ಮಿಲಿಮೀಟರು. ಎರಡೂ ಸೇರಿ ಸುಮಾರು 343 ಘನ ಸೆಂಟಿಮೀಟರು. ಗೇರುಗಳು ನಾಲ್ಕು; ಎರಡು ಸಿಲಿಂಡರುಗಳಿಗೂ ಕಾರ್ಬ್ಯುರೇಟರು ಒಂದೇ. ಹಿಂದಿನ ಚಕ್ರದ ಸರಪಳಿಯು ಪೂರ್ಣವಾಗಿ ಮುಚ್ಚಿದ ಕವಚದೊಳಗೆ ಓಡುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುವ ನಮ್ಮ ಸೀಮೆಯವರಿಗೆ ಇಂತಹ ಕವಚದ ಬೆಲೆಯನ್ನು ವಿವರಿಸಬೇಕಾದುದಿಲ್ಲ.

ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಇಡುವುದರಿಂದ ಏನು ಲಾಭ? ಎರಡು ಹೊಡೆತದ ಒಂಟಿ ಯಂತ್ರದಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೆ ಒಂದೇ ಸ್ಫೋಟ. ಅವಳಿಯಲ್ಲಿ ಎರಡು ಕ್ರ್ಯಾಂಕುಗಳನ್ನು ಪರಸ್ಪರ 180 ಅಂಶಗಳ ಅಂತರದಲ್ಲಿ ಕೂಡಿಸಿರುವುದರಿಂದ ಪ್ರತಿ ಅರ್ಧ ಸುತ್ತಿಗೆ ಒಂದರಂತೆ ಸ್ಫೋಟಗಳಾಗುತ್ತವೆ. ತತ್ಫಲವಾಗಿ ಶಕ್ತಿಯು ಸಮವಾಗಿ ಹರಿಯುತ್ತದೆ. ಒಂದು ಪಿಸ್ಟನ್ನು ಮೇಲೇರುವಾಗ ಮತ್ತೊಂದು ಕೆಳಗಿಳಿಯುವುದರಿಂದ ಅವುಗಳ ಎಳೆತಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತವೆ. ಅಕ್ಕಪಕ್ಕದಲ್ಲಿರುವ ಕಾರಣ ತುಸು ತೂಗಾಟವು ಉಳಿದರೂ ಒಂಟಿ ಯಂತ್ರದ ಗುದ್ದು ಇರುವುದಿಲ್ಲ. ಚಿಕ್ಕ ಸಿಲಿಂಡರಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆದುದರಿಂದ ಗಾಳಿಯಿಂದ ತಣಿಯುವುದೂ ಸುಲಭ.

ಈ ಲಾಭಗಳಿಗೆ ತಕ್ಕ ಬೆಲೆಯನ್ನೂ ತೆರಬೇಕಾಗುತ್ತದೆ. ಎರಡು ಹೊಡೆತದ ಯಂತ್ರದಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕು ಕೋಣೆಯೇ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುವ ಪಂಪು. ಸಿಲಿಂಡರು ಎರಡಾದರೆ ಕೋಣೆಗಳೂ ಎರಡಾಗಬೇಕು, ಅವುಗಳ ನಡುವೆ ಗಾಳಿ ನುಸುಳದಂತೆ ಮುದ್ರೆಯಿರಬೇಕು. ಆ ನಡುವಣ ಮುದ್ರೆಯು ಸವೆದಾಗ ಇಡೀ ಕ್ರ್ಯಾಂಕನ್ನು ಬಿಚ್ಚದೆ ಗತ್ಯಂತರವಿಲ್ಲ. ಒಂಟಿ ಯಂತ್ರವನ್ನು ಊರಿನ ಮೇಸ್ತ್ರಿಯು ಮರದ ನೆರಳಿನಲ್ಲಿ ಕುಳಿತು ಸರಿಪಡಿಸಬಲ್ಲನು. ಅವಳಿ ಯಂತ್ರಕ್ಕೆ ಒತ್ತುಯಂತ್ರ, ಅಳತೆಯ ಸಾಧನ, ನುರಿತ ಕೈ ಇವೆಲ್ಲವೂ ಬೇಕಾದುವು.

ಮೈಸೂರಿನ ಅವಳಿಯು ನೆಲೆಯೂರದೆ ಹೋದುದಕ್ಕೆ ಅದರ ವಿನ್ಯಾಸವು ಹಳೆಯದಾಗಿದ್ದುದೇ ಕಾರಣವೆಂದು ಹೇಳುವುದುಂಟು. ಈ ಅಭಿಪ್ರಾಯವನ್ನು ಹಾಗೆಯೇ ಒಪ್ಪುವುದು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ. ಅದೇ ಕಾಲದ ಮತ್ತೊಂದು ಯಂತ್ರದೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುವುದು. ಎಸ್ಕಾರ್ಟ್ಸ್ ಕಂಪನಿಯು ಜಪಾನಿನ ಯಮಾಹಾ ಕಂಪನಿಯ ವಿನ್ಯಾಸವನ್ನು ತಂದು 1983ರಲ್ಲಿ ‘ರಾಜದೂತ್ 350’ ಎಂಬ ಅವಳಿಯನ್ನು ಹೊರತಂದಿತು. ಅದರ ಸಿಲಿಂಡರಿನ ವ್ಯಾಸ 64, ಓಟ 54 ಮಿಲಿಮೀಟರು; ಗಾತ್ರ ಸುಮಾರು 347 ಘನ ಸೆಂಟಿಮೀಟರು. ಗಾತ್ರದಲ್ಲಿ ಎರಡೂ ಸರಿಸಮಾನ, ಸ್ವಭಾವದಲ್ಲಿ ಮಾತ್ರ ತದ್ವಿರುದ್ಧ. ಮೈಸೂರಿನದು ಉದ್ದ ಓಟದ, ಕಡಿಮೆ ಸುತ್ತಿನಲ್ಲಿಯೇ ಎಳೆಯುವ ಯಂತ್ರ. ರಾಜದೂತ್ ಗಿಡ್ಡ ಓಟದ, ಹೆಚ್ಚು ಸುತ್ತಿನಲ್ಲಿ ಬಲವನ್ನು ತೋರುವ ಯಂತ್ರ. ಇದಕ್ಕೆ ಆರು ಗೇರು, ಎರಡು ಕಾರ್ಬ್ಯುರೇಟರು, ಎಣ್ಣೆಯನ್ನು ತಾನೇ ಒದಗಿಸುವ ಪಂಪು ಇವೆಲ್ಲ ಇದ್ದುವು. ವಿನ್ಯಾಸದ ಹೊಸತನವೇ ಗೆಲುವನ್ನು ತರುವುದಾಗಿದ್ದರೆ ರಾಜದೂತ್ ಉಳಿಯಬೇಕಾಗಿತ್ತು. ಆದರೆ ಅದೂ ಕೆಲವೇ ವರ್ಷಗಳಲ್ಲಿ, ಆ ದಶಕವು ಮುಗಿಯುವ ವೇಳೆಗೆ, ನಿಂತುಹೋಯಿತು. ಹಳೆಯದೂ ಹೊಸದೂ ಒಂದೇ ಗತಿಯನ್ನು ಹೊಂದಿರುವಾಗ ಕಾರಣವನ್ನು ವಿನ್ಯಾಸದ ಹೊರಗೆ ಹುಡುಕುವುದೇ ಯುಕ್ತ.

ಆ ಕಾರಣವು ಕಾಲದ ಅಳತೆಗೋಲಿನಲ್ಲಿದೆ. 1973 ಮತ್ತು 1979ರ ಎಣ್ಣೆಯ ಬಿಕ್ಕಟ್ಟುಗಳ ತರುವಾಯ ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದೇ ವಾಹನದ ಮೊದಲ ಗುಣವೆನಿಸಿತು. 1984 ಮತ್ತು 1986ರ ನಡುವೆ ಸುಜುಕಿ, ಹೊಂಡಾ, ಯಮಾಹಾ, ಕವಾಸಾಕಿ ಎಂಬ ನಾಲ್ಕು ಜಪಾನೀ ಕಂಪನಿಗಳು ಭಾರತೀಯ ಸಂಸ್ಥೆಗಳೊಡನೆ ಕೂಡಿ 100 ಘನ ಸೆಂಟಿಮೀಟರಿನ ಹಗುರ ವಾಹನಗಳನ್ನು ತಂದುವು. ಸಂಬಳಗಾರನೂ ರೈತನೂ ಇವುಗಳ ಕಡೆಗೆ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ. 1991ರಲ್ಲಿ ಹೊಗೆಯನ್ನು ಕುರಿತ ಮಿತಿಗಳು ಜಾರಿಗೆ ಬಂದು, 1996ರಲ್ಲಿ ಇನ್ನಷ್ಟು ಬಿಗಿಯಾದುವು. ಎಣ್ಣೆಯನ್ನು ಪೆಟ್ರೋಲಿನೊಡನೆ ಸುಡುವ ಎರಡು ಹೊಡೆತದ ಯಂತ್ರಗಳಿಗೆ ಇವು ಕಷ್ಟವಾದುವು. ಯಾದವಗಿರಿಯ ಕಾರ್ಖಾನೆಯೂ 1996ರಲ್ಲಿಯೇ ಮುಚ್ಚಿತು. ಒಂಟಿ ಸಿಲಿಂಡರಿನ ಯಂತ್ರಗಳೂ ಅದರೊಡನೆಯೇ ನಿಂತುವೆಂಬುದನ್ನು ಗಮನಿಸಿದರೆ, ಸೋತುದು ಎರಡನೆಯ ಸಿಲಿಂಡರಲ್ಲವೆಂಬುದು ಸ್ಥಿರಪಡುವುದು.

ಇದಕ್ಕೆ ಇನ್ನೊಂದು ಉಪಪತ್ತಿಯಿದೆ. ರಾಯಲ್ ಎನ್‌ಫೀಲ್ಡ್ ಕಂಪನಿಯು 2018ರಲ್ಲಿ 648 ಘನ ಸೆಂಟಿಮೀಟರಿನ, ನಾಲ್ಕು ಹೊಡೆತದ ಅವಳಿ ಯಂತ್ರವನ್ನು ಭಾರತದ ಪೇಟೆಗೆ ತಂದಿತು. ಇದರಲ್ಲಿ ಕ್ರ್ಯಾಂಕುಗಳ ಅಂತರ 270 ಅಂಶಗಳು. ಕೊಳ್ಳುವವರ ಕೈಯಲ್ಲಿ ಹಣವೂ ಮುಂದೆ ವಿಶಾಲವಾದ ಹೆದ್ದಾರಿಯೂ ಇರುವ ಕಾಲದಲ್ಲಿ ಅದು ನೆಲೆಯೂರಿತು. ಹುಮನಾಬಾದಿನ ಮೂಲಕ ಪುಣೆ-ಹೈದರಾಬಾದುಗಳನ್ನು ಕೂಡಿಸುವ ರಸ್ತೆಯೂ ಇಂದು ಅಗಲವಾಗಿದೆ. ಅಂತೂ ಅವಳಿ ಯಂತ್ರವು ಈ ದೇಶಕ್ಕೆ ಒಗ್ಗದೆಂಬುದು ನಿಜವಲ್ಲ. ಮೈಸೂರಿನಲ್ಲಿ ಅದು ತನ್ನ ಕಾಲಕ್ಕೆ ಮುಂಚೆ ಬಂದಿತು, ಅಷ್ಟೆ.

ಕೊನೆಯದಾಗಿ ಒಂದು ಮಾತು. ಒಂಬೈನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದ ದಾನದ ವಿವರವನ್ನು ನಾವು ಇಂದಿಗೂ ಓದಬಲ್ಲೆವು. ಮೂವತ್ತು ವರ್ಷಗಳ ಹಿಂದಿನ ಕಾರ್ಖಾನೆಯ ಕಾಗದಪತ್ರಗಳಿಗೆ ಅಂತಹ ಬಾಳಿಕೆಯಿಲ್ಲ. ಜುಲೈ ತಿಂಗಳಿನ ಎರಡನೆಯ ಭಾನುವಾರ ಹಳೆಯ ಜಾವಾ, ಯೆಜ್ಡಿಗಳ ಒಡೆಯರು ಕೂಡುವ ವಾಡಿಕೆಯಿಂದ ಯಂತ್ರಗಳು ಉಳಿದಿವೆ; ಅವುಗಳನ್ನು ಎರಕ ಹೊಯ್ದು, ಕಡೆದು, ಜೋಡಿಸಿದವರ ನೆನಪು ಅವುಗಳೊಡನೆ ತಾನಾಗಿಯೇ ಉಳಿಯುವುದಿಲ್ಲ. ಆ ಕಾರ್ಮಿಕರು ಈಗ ವೃದ್ಧರಾಗಿದ್ದಾರೆ. ಯಾವ ಭಾಗವನ್ನು ಇಲ್ಲಿಯೇ ಮಾಡಿದರು, ಯಾವ ಕೆಲಸವನ್ನು ಯಾರಿಂದ ಕಲಿತರು, ಬಾಗಿಲು ಮುಚ್ಚಿದ ಮೇಲೆ ಆ ವಿದ್ಯೆಯನ್ನು ಎಲ್ಲಿಗೆ ಒಯ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕಾಗಿದೆ. ಆಯಾ ಊರಿನ ಹಳೆಯ ಮೇಸ್ತ್ರಿಗಳ ಅನುಭವವೂ ಈ ಸಂಗ್ರಹದಲ್ಲಿ ಸೇರತಕ್ಕದ್ದು. ಶಾಸನದ ಅಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ನಮ್ಮ ವಿದ್ಯಾರ್ಥಿಗಳು ಈ ಕಾರ್ಯಕ್ಕೂ ತೊಡಗುವರೆಂದು ಹಾರೈಸುತ್ತೇವೆ.