ಸೋಲ್‌ರಾಡ್ ಬರಿಯ ಸೋಗಾಗಿತ್ತೆ? 1960ರ ಒಂದು ಗೂಢಚಾರ ಉಪಗ್ರಹದ ಮರುಪರಿಶೀಲನೆ

1960ರ ಜೂನ್ 22ರಂದು ಕೇಪ್ ಕೆನವೆರಲ್‌ನಿಂದ ಟ್ರಾನ್ಸಿಟ್ 2ಎ ಉಪಗ್ರಹದ ನೆತ್ತಿಯ ಮೇಲೆ ಕುಳಿತು ಕಕ್ಷೆಗೆ ಹೋದ, ಸುಮಾರು 19 ಕಿಲೋ ತೂಕದ ಗೋಳವೊಂದರ ಬಗ್ಗೆ ಈಚಿನ ಬರಹಗಳಲ್ಲೆಲ್ಲ ಒಂದೇ ಮಾತಿದೆ. ಹೊರಗೆ ಹೇಳಿದ್ದು ಸೂರ್ಯನ ಅಧ್ಯಯನ, ಒಳಗೆ ನಡೆದದ್ದು ಸೋವಿಯತ್ ರೇಡಾರ್‌ಗಳ ಕದ್ದಾಲಿಕೆ. ಮೊದಲನೆಯದು ಸೋಗು, ಎರಡನೆಯದು ನಿಜ. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯ 1998ರಲ್ಲಿ, ತನ್ನ 75ನೇ ವರ್ಷದ ಆಚರಣೆಯ ಹೊತ್ತಿಗೆ, 'ಗ್ರಾಬ್' ಎಂಬ ಈ ಕದ್ದಾಲಿಕೆ ಯೋಜನೆಯ ಗುಟ್ಟನ್ನು ಹೊರಹಾಕಿದಾಗ ಹೀಗೆ ಓದಿದ್ದು ಸಹಜವೇ. 38 ವರ್ಷ ಮುಚ್ಚಿಟ್ಟದ್ದು ಹೊರಬಂದರೆ ಎಲ್ಲರ ಕಣ್ಣೂ ಅದರ ಮೇಲೆಯೇ ಬೀಳುತ್ತದೆ. ಆಗ ಪ್ರಯೋಗಾಲಯ ಹೊರತಂದ ಪುಸ್ತಿಕೆಯೂ ಈ ಓದಿಗೆ ಇಂಬು ಕೊಟ್ಟಿತು. ಅದು ಉಪಯುಕ್ತ ಪುಸ್ತಿಕೆ, ಆದರೆ ಸಂಭ್ರಮಕ್ಕೆಂದು ಬರೆದದ್ದು. ಅದನ್ನೇ ಪ್ರಮಾಣವೆಂದು ಹಿಡಿದು ಚರಿತ್ರೆ ಕಟ್ಟಿದವರು ಮುಚ್ಚಿಡದೆ ಇದ್ದ ದಾಖಲೆಯೊಂದನ್ನು ತೆರೆದೇ ನೋಡಲಿಲ್ಲ.

ಆ ದಾಖಲೆ 1962ರ ಜರ್ನಲ್ ಆಫ್ ಜಿಯೋಫಿಸಿಕಲ್ ರಿಸರ್ಚ್‌ನಲ್ಲಿದೆ. ಅದೇ ಪ್ರಯೋಗಾಲಯದ ಕ್ರೆಪ್ಲಿನ್, ಚಬ್ ಮತ್ತು ಹರ್ಬರ್ಟ್ ಫ್ರೀಡ್‌ಮನ್ ಈ ಗೋಳದಿಂದ ಬಂದ ಸೌರ ಅಳತೆಗಳನ್ನು ಅಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟಿಸಿದ್ದಾರೆ. ಬೇಹುಗಾರಿಕೆಯ ಇತಿಹಾಸ ಬರೆಯುವವರು ಇದನ್ನು ಭೌತವಿಜ್ಞಾನಿಗಳ ಪಾಲಿಗೆ ಬಿಟ್ಟರು. ಭೌತವಿಜ್ಞಾನಿಗಳಿಗೆ ಇದು ಹಳೆಯ ಸಂಗತಿ. ಹೀಗಾಗಿ ಅದು ಯಾರ ವಾದಕ್ಕೂ ಸಾಕ್ಷಿಯಾಗಲಿಲ್ಲ.

ಹಿನ್ನೆಲೆಯನ್ನು ಇಲ್ಲಿ ವಿವರಿಸುವುದಿಲ್ಲ. ಪ್ರಯೋಗಾಲಯದ ಎಂಜಿನಿಯರ್ ರೀಡ್ ಮೇಯೊ 1958ರಲ್ಲಿ ಹಿಮಪಾತಕ್ಕೆ ಸಿಕ್ಕಿ, ಪೆನ್ಸಿಲ್ವೇನಿಯಾದ ಹೋಟೆಲೊಂದರಲ್ಲಿ ತಟ್ಟೆಯಡಿಯ ಕಾಗದದ ಮೇಲೆ ಲೆಕ್ಕ ಹಾಕಿದ ಕಥೆ ಎಲ್ಲರಿಗೂ ಬಾಯಿಪಾಠವಾಗಿದೆ. (ಆ ಕಥೆ ಮರೆಸುವುದೇ ಹೆಚ್ಚು. ಜಲಾಂತರ್ಗಾಮಿಯ ಪೆರಿಸ್ಕೋಪಿಗೆ ಜೋಡಿಸುವ ರೇಡಾರ್-ಗ್ರಾಹಕದ ಕೆಲಸವನ್ನು ಮೇಯೊ ಅದಕ್ಕೂ ಮೊದಲೇ ಮಾಡಿದ್ದರು. ಹೋಟೆಲಿನಲ್ಲಿ ಹೊಳೆದದ್ದು ಅದೇ ಗ್ರಾಹಕವನ್ನು ಕಕ್ಷೆಗೆ ಏರಿಸಬಹುದೇ ಎಂಬ ಪ್ರಶ್ನೆ ಮಾತ್ರ.)

ಸೋಗಿನ ವಾದದವರ ಮುಖ್ಯ ಆಧಾರ ಕಾಲಕ್ರಮ. ಕದ್ದಾಲಿಕೆಯ ಯೋಚನೆ ಮೊದಲು ಬಂತು, ಅದಕ್ಕೊಂದು ಮರೆ ಬೇಕಾದದ್ದರಿಂದ ಸೋಲ್‌ರಾಡ್ ಎಂಬ ಸೌರ ಪ್ರಯೋಗ ಸೇರಿತು ಎನ್ನುತ್ತಾರೆ. ಈ ಕ್ರಮವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಉಪಕರಣ ಯಾವ ಕಾರಣಕ್ಕೆ ಗೋಳದೊಳಗೆ ಜಾಗ ಪಡೆಯಿತು ಎಂಬುದು ಒಂದು ಪ್ರಶ್ನೆ, ಆ ಉಪಕರಣ ಏನು, ಯಾಕೆ ಹಾಗಿತ್ತು ಎಂಬುದು ಇನ್ನೊಂದು. ಇವೆರಡನ್ನು ಒಂದಾಗಿಸಿದ್ದೇ ಇಡೀ ಗೊಂದಲದ ಮೂಲ.

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ವಸ್ತು ಒಂದು ಆಯಸ್ಕಾಂತ. 1959ರ ಸೆಪ್ಟೆಂಬರಿನಲ್ಲಿ ಹಾರಿದ ವ್ಯಾನ್‌ಗಾರ್ಡ್ 3ರಲ್ಲಿ ಫ್ರೀಡ್‌ಮನ್ ತಂಡದ್ದೇ ಕ್ಷ-ಕಿರಣ ಸಂವೇದಕಗಳಿದ್ದವು. ಭೂಮಿಯ ಸುತ್ತಲಿನ ವ್ಯಾನ್ ಅಲೆನ್ ಪಟ್ಟಿಯ ಕಣಗಳು ಅವುಗಳಿಗೆ ಬಡಿದು, ಸೂರ್ಯನ ಸಂಕೇತ ಆ ಗದ್ದಲದಲ್ಲಿ ಮುಳುಗಿಹೋಯಿತು. ಅದೇ ಅಕ್ಟೋಬರಿನ ಎಕ್ಸ್‌ಪ್ಲೋರರ್ 7ರ ಗತಿಯೂ ಇದೇ. ಸೋಲ್‌ರಾಡ್‌ನ ಕ್ಷ-ಕಿರಣ ಸಂವೇದಕಕ್ಕೆ ಬರುವ ವಿದ್ಯುದಂಶಿತ ಕಣಗಳನ್ನು ಪಕ್ಕಕ್ಕೆ ತಿರುಗಿಸಲು ಶಾಶ್ವತ ಆಯಸ್ಕಾಂತ ಅಳವಡಿಸಿದ್ದು ಈ ಸೋಲಿನ ನಂತರವೇ. ಇದು ಸಣ್ಣ ಮಾತಲ್ಲ. ಗಿರಗಿರ ತಿರುಗುವ ಪುಟ್ಟ ಗೋಳದಲ್ಲಿ ಆಯಸ್ಕಾಂತ ಇಟ್ಟರೆ ಭೂಮಿಯ ಕಾಂತಕ್ಷೇತ್ರ ಅದನ್ನು ಎಳೆಯುತ್ತದೆ, ತೂಕವೂ ಏರುತ್ತದೆ. ಪತ್ರಿಕೆಯವರಿಗೆ ತೋರಿಸಲಷ್ಟೇ ಇದ್ದ ಉಪಕರಣವಾಗಿದ್ದರೆ ವ್ಯಾನ್‌ಗಾರ್ಡ್‌ನ ಸಂವೇದಕವನ್ನೇ ಇದ್ದ ಹಾಗೆ ಕೂರಿಸಿ ಕಳಿಸಬಹುದಿತ್ತು. ಅದು ಮತ್ತೆ ಕೆಟ್ಟಿದ್ದರೂ ಮರೆ ಮರೆಯಾಗಿಯೇ ಉಳಿಯುತ್ತಿತ್ತು. ಹಿಂದಿನ ತಪ್ಪನ್ನು ತಿದ್ದಲು ಯಾರು ಶ್ರಮಪಡುತ್ತಾರೆ? ಫಲಿತಾಂಶ ಬೇಕಾದವರು ಮಾತ್ರ. 1949ರಲ್ಲಿ ವಿ-2 ರಾಕೆಟ್‌ನಲ್ಲಿ ಉಪಕರಣ ಕಳಿಸಿ ಸೂರ್ಯನ ಕ್ಷ-ಕಿರಣಗಳನ್ನು ಗುರುತಿಸಿದ್ದ ಫ್ರೀಡ್‌ಮನ್‌ಗೆ ಅದು ಬೇಕಿತ್ತು.

ಫಲಿತಾಂಶವೂ ಬಂತು. ಸೂರ್ಯನಲ್ಲಿ ಜ್ವಾಲೆ ಎದ್ದಾಗ ಭೂಮಿಯ ಮೇಲೆ ಶಾರ್ಟ್‌ವೇವ್ ರೇಡಿಯೊ ಹಠಾತ್ತನೆ ಮಂಕಾಗುವುದು ಮೊದಲಿನಿಂದ ಗೊತ್ತಿದ್ದ ಸಂಗತಿ. ಅದಕ್ಕೆ ಕಾರಣ ಲೈಮನ್-ಆಲ್ಫಾ ಎಂಬ ನೇರಳಾತೀತ ಬೆಳಕೋ, ಕ್ಷ-ಕಿರಣವೋ ಎಂಬುದು ತೀರ್ಮಾನವಾಗಿರಲಿಲ್ಲ. ಸೋಲ್‌ರಾಡ್ ಎರಡನ್ನೂ ಒಟ್ಟಿಗೆ ಅಳೆಯಿತು. ಜ್ವಾಲೆಯ ಹೊತ್ತಿನಲ್ಲಿ ಲೈಮನ್-ಆಲ್ಫಾ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. 2ರಿಂದ 8 ಆಂಗ್‌ಸ್ಟ್ರಾಮ್ ವ್ಯಾಪ್ತಿಯ ಕ್ಷ-ಕಿರಣ ಮಾತ್ರ ಜಿಗಿಯಿತು. ರೇಡಿಯೊ ಅಲೆಗಳನ್ನು ಮರಳಿಸುವ ಅಯಾನುಗೋಳವನ್ನು ಕದಡುವವರು ಯಾರೆಂಬ ಜಗಳ ಅಲ್ಲಿಗೆ ಮುಗಿಯಿತು. ಇದು ನೌಕಾಪಡೆಗೂ ಬೇಕಾದ ಉತ್ತರವೆಂಬುದನ್ನು ಮರೆಯಬಾರದು, ಏಕೆಂದರೆ ದೂರದ ಹಡಗುಗಳೊಡನೆ ಅದರ ಮಾತುಕತೆ ನಡೆಯುತ್ತಿದ್ದದ್ದು ಆ ರೇಡಿಯೊದಲ್ಲಿಯೇ.

ಬರಿಯ ಮರೆ ಬೇಕಿದ್ದರೆ ಒಂದು ವಾಕ್ಯ ಸಾಕು. 2019ರ ಏಪ್ರಿಲ್ 1ರಂದು ಶ್ರೀಹರಿಕೋಟದಿಂದ ಹಾರಿದ 436 ಕಿಲೋ ತೂಕದ ಕದ್ದಾಲಿಕೆ ಉಪಗ್ರಹ ಎಮಿಸ್ಯಾಟ್‌ನ ಉದ್ದೇಶವನ್ನು ನಮ್ಮ ಇಸ್ರೋ ವಿದ್ಯುತ್ಕಾಂತೀಯ ರೋಹಿತದ ಅಳತೆ ಎಂದಷ್ಟೇ ಹೇಳಿತು. ಅದು ಸುಳ್ಳೂ ಅಲ್ಲ.

ಇನ್ನು 22ರ ಲೆಕ್ಕ. ಗ್ರಾಬ್‌ನ ಕದ್ದಾಲಿಕೆ ಭಾಗವನ್ನು 1960ರ ಜುಲೈ 5ರಿಂದ ಸೆಪ್ಟೆಂಬರ್ 22ರವರೆಗೆ ಕೇವಲ 22 ಸಲ ಚಾಲೂ ಮಾಡಿದರು. ಮೇ 1ರಂದು ಅಮೆರಿಕದ ಗೂಢಚಾರ ವಿಮಾನ ಯು-2 ಸೋವಿಯತ್ ನೆಲದಲ್ಲಿ ಬಿದ್ದಿತ್ತು. ನಾಲ್ಕೇ ದಿನಗಳ ನಂತರ ಉಡಾವಣೆಗೆ ಒಪ್ಪಿಗೆ ಕೊಟ್ಟ ಅಧ್ಯಕ್ಷ ಐಸೆನ್‌ಹೋವರ್, ಉಪಯೋಗದಲ್ಲಿ ಮಾತ್ರ ಹಗ್ಗ ಬಿಗಿಯಾಗಿ ಹಿಡಿದರು. ಈ ಸಂಖ್ಯೆಯನ್ನು ಹಿಡಿದುಕೊಂಡು, ಗ್ರಾಬ್ ಲೆಕ್ಕಕ್ಕಿಲ್ಲದ ಪ್ರಯೋಗ, ನಿಜವಾದ ಮೊದಲ ಗೂಢಚಾರ ಉಪಗ್ರಹ ಆಗಸ್ಟಿನಲ್ಲಿ ಫಿಲ್ಮ್ ಮರಳಿಸಿದ ಕರೋನಾ ಸರಣಿಯ ಡಿಸ್ಕವರರ್ 14 ಎನ್ನುವವರಿದ್ದಾರೆ. ಕರೋನಾ 1995ರಲ್ಲೇ ಬೆಳಕಿಗೆ ಬಂದದ್ದರಿಂದ ಮೂರು ವರ್ಷ ಅದೇ ಮೊದಲನೆಯದಾಗಿತ್ತು. ಅಭ್ಯಾಸ ಬಿಡುವುದು ಕಷ್ಟ.

ಆದರೆ ಒಂದು ಸಲವೆಂದರೆ ಎಷ್ಟು? ಸುಮಾರು 20 ಕಿಲೋಮೀಟರ್ ಎತ್ತರದ ಯು-2ಗೆ ದಿಗಂತ 500 ಕಿಲೋಮೀಟರ್ ಆಚೆ. 800 ಕಿಲೋಮೀಟರ್ ಎತ್ತರದಿಂದ ಅದು 3000 ಕಿಲೋಮೀಟರ್ ದಾಟುತ್ತದೆ. ಗಡಿಯಂಚಿನ ವಿಮಾನಗಳಿಗೆ ಎಂದೂ ಕೇಳಿಸದ ಒಳನಾಡಿನ ರೇಡಾರ್‌ಗಳು ಒಂದೇ ಹಾದುಹೋಗುವಿಕೆಯಲ್ಲಿ ಇದರ ಕಿವಿಗೆ ಬೀಳುತ್ತಿದ್ದವು. ಗೋಳದಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ರೇಡಾರ್‌ನ ಪ್ರತಿ ಸ್ಪಂದಕ್ಕೆ ಒಂದು ಸ್ಪಂದವನ್ನು ಅದು ಆ ಕ್ಷಣವೇ ಕೆಳಗೆ ದಾಟಿಸುತ್ತಿತ್ತು. ನೆಲದ ಗುಡಿಸಲುಗಳಲ್ಲಿ ಕುಳಿತವರು ಟೇಪ್ ಮಾಡಿ ಕಳಿಸುತ್ತಿದ್ದರು. ರೇಡಾರ್ ಎಲ್ಲಿದೆಯೆಂದು ಕರಾರುವಾಕ್ಕಾಗಿ ಹೇಳಲು ಇದರಿಂದ ಆಗುತ್ತಿರಲಿಲ್ಲ ಎಂಬ ಆಕ್ಷೇಪ ಸರಿಯೇ. ಹಲವು ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದ ಪಾಪಿ ಸರಣಿ 1962ರ ಡಿಸೆಂಬರಿನಿಂದ ಆ ಕೊರತೆ ತುಂಬಿತು. ಆದರೂ ಕ್ಷಿಪಣಿ-ನಿರೋಧಕ ವ್ಯವಸ್ಥೆಗೆ ನೆರವಾಗುವ ರೇಡಾರ್‌ಗಳು ಸೋವಿಯತ್ತರಲ್ಲಿ ಆಗಲೇ ಕೆಲಸ ಮಾಡುತ್ತಿವೆ ಎಂದು ರಾಷ್ಟ್ರೀಯ ಭದ್ರತಾ ಸಂಸ್ಥೆಯ ವಿಶ್ಲೇಷಕರು ಕಂಡುಕೊಂಡದ್ದು ಗ್ರಾಬ್‌ನ ಟೇಪುಗಳಿಂದ.

ಅದೇ 22 ಸೋಗಿನ ವಾದಕ್ಕೂ ಮುಳುವಾಗುತ್ತದೆ, ಇದನ್ನು ಯಾರೂ ಗಮನಿಸಿದಂತಿಲ್ಲ. ಸೂರ್ಯನ ಅಳತೆಗೆ ಅಧ್ಯಕ್ಷರ ಅಪ್ಪಣೆ ಬೇಕಿರಲಿಲ್ಲ. ಸೆಪ್ಟೆಂಬರಿನಲ್ಲಿ ಕದ್ದಾಲಿಕೆ ನಿಂತ ಮೇಲೂ ಸೌರ ಸಂವೇದಕಗಳ ಸಂಕೇತ ಬರುತ್ತಲೇ ಇತ್ತು.

ಇಷ್ಟಾದರೂ ಒಪ್ಪದವರು ಮುಂದಿನ ವರ್ಷಗಳನ್ನು ನೋಡಲಿ. ಬೇಹುಗಾರಿಕೆಯ ಹೊರೆ ಪಾಪಿಗೆ ಹೋದ ಮೇಲೆ ಸೋಲ್‌ರಾಡ್ ಅಗತ್ಯ ತೀರಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 1965ರ ನವೆಂಬರಿನಲ್ಲಿ ಸೋಲ್‌ರಾಡ್ 8 ಎಕ್ಸ್‌ಪ್ಲೋರರ್ 30 ಎಂಬ ಹೆಸರಿನಲ್ಲಿ, ಯಾವ ಗುಪ್ತ ಪೆಟ್ಟಿಗೆಯನ್ನೂ ಹೊರದೆ, ಸ್ಕೌಟ್ ರಾಕೆಟ್ಟಿನಲ್ಲಿ ಒಂಟಿಯಾಗಿ ಹೋಯಿತು. 1968ರಲ್ಲಿ ಎಕ್ಸ್‌ಪ್ಲೋರರ್ 37, 1971ರಲ್ಲಿ ಎಕ್ಸ್‌ಪ್ಲೋರರ್ 44 ಅದನ್ನು ಹಿಂಬಾಲಿಸಿದವು.