ತಿಮಿಂಗಿಲದ ಕೆಂಪು ನಕ್ಷತ್ರ: ಮೀರಾ

ನಕ್ಷತ್ರಗಳು ಎಂದಿಗೂ ಬದಲಾಗವು ಎಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ. 1596ರ ಆಗಸ್ಟಿನಲ್ಲಿ ಜರ್ಮನಿಯ ಪಾದ್ರಿ ಡೇವಿಡ್ ಫ್ಯಾಬ್ರಿಷಿಯಸ್ ತಿಮಿಂಗಿಲ ನಕ್ಷತ್ರಪುಂಜದಲ್ಲಿ ಹೊಸದೊಂದು ಚುಕ್ಕೆಯನ್ನು ಬರಿಗಣ್ಣಿನಿಂದಲೇ ಕಂಡರು. ಕೆಲವೇ ವಾರಗಳಲ್ಲಿ ಅದು ಮಸುಕಾಗಿ ಮರೆಯಾಯಿತು. ನಕ್ಷತ್ರ ಆರಿಹೋಯಿತೆಂದೇ ಅವರ ಭಾವನೆ. ಆದರೆ 1609ರಲ್ಲಿ ಅದೇ ಜಾಗದಲ್ಲಿ ಅದು ಮತ್ತೆ ಕಾಣಿಸಿತು! ಗುಟ್ಟು ಬಿಡಿಸುವ ಮೊದಲೇ, 1617ರಲ್ಲಿ, ಫ್ಯಾಬ್ರಿಷಿಯಸ್ ಕೊಲೆಯಾದರು.

ಇದೇ ಪುಂಜದ ಮೆನ್ಕರ್, ದೆನೆಬ್ ಕೈಟೋಸ್ ಎಂಬ ಹೆಸರುಗಳು ಅರಬ್ಬಿಯವು. ಮೊದಲನೆಯದು ಮೂಗಿನ ಹೊಳ್ಳೆ, ಎರಡನೆಯದು ತಿಮಿಂಗಿಲದ ಬಾಲ. ನಡುವಿನ ನಮ್ಮ ನಕ್ಷತ್ರಕ್ಕೆ ಮಾತ್ರ ಲ್ಯಾಟಿನ್ ಹೆಸರು: ಮೀರಾ, ಅಂದರೆ ಅದ್ಭುತ. 1662ರಲ್ಲಿ ಹೆವೆಲಿಯಸ್ ಇಟ್ಟದ್ದು. (ನಮ್ಮ ಮೀರಾಬಾಯಿಗೂ ಇದಕ್ಕೂ ಸಂಬಂಧವಿಲ್ಲ.)

1638ರಲ್ಲಿ ಹಾಲೆಂಡಿನ ಹೋಲ್ವಾರ್ಡಾ ಅದನ್ನು ಮತ್ತೆ ಗುರುತಿಸಿ, ಸುಮಾರು 11 ತಿಂಗಳಿಗೊಮ್ಮೆ ಮರಳಿ ಬರುತ್ತದೆಂದು ಕಂಡುಕೊಂಡರು. 1667ರಲ್ಲಿ ಬೂಯೋ 333 ದಿನ ಎಂದರು. ಇಂದಿನ ಲೆಕ್ಕ ಸುಮಾರು 332. ಮೀರಾ ಮುಪ್ಪಿನ ಕೆಂಪು ದೈತ್ಯ ನಕ್ಷತ್ರ. ಅದರ ಹೊರಪದರ ಉಬ್ಬುತ್ತ ಕುಗ್ಗುತ್ತ ಇರುವುದರಿಂದ ಬೆಳಕು ಏರಿಳಿಯುತ್ತದೆ.

ಅಷ್ಟು ಶತಮಾನ ಇದು ಯಾರ ಗಮನಕ್ಕೂ ಬಾರದಿದ್ದುದೇಕೆ? ಬೆಳಗುವ ದಿನಗಳು ವರ್ಷಕ್ಕೆ ಸುಮಾರು ಒಂದು ತಿಂಗಳು ಹಿಂದೆ ಸರಿಯುತ್ತವೆ. ಅವು ಏಪ್ರಿಲ್ ಸುಮಾರಿಗೆ ಬಂದರೆ ತಿಮಿಂಗಿಲ ಸೂರ್ಯನ ಬಳಿಯಿರುತ್ತದೆ, ಆ ವರ್ಷ ದರ್ಶನವಿಲ್ಲ. ಮೇಲಾಗಿ, ಬದಲಾಗದು ಎಂದು ನಂಬಿದವರು ಹುಡುಕುವುದಾದರೂ ಏಕೆ? ವಿದ್ಯಾರ್ಥಿಗಳೇ, ಡಿಸೆಂಬರಿನ ಸಂಜೆ ದಕ್ಷಿಣಕ್ಕೆ ನೋಡಿ. ಬರಿಗಣ್ಣಿಗೆ ಕಾಣದಿದ್ದರೆ ಬೈನಾಕ್ಯುಲರ್ ಹಿಡಿಯಿರಿ.