ರಾಯಚೂರು ದೋಆಬ್

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಇವೆರಡರ ನಡುವಿನ ನೆಲವೇ ರಾಯಚೂರು ದೋಆಬ್. ಹಳೆಯ ಶಾಸನಗಳಲ್ಲಿ ಇದರ ಹೆಸರು ಎಡೆದೊರೆ ನಾಡು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಗೊರೇಬಾಳದಂಥ ಹಳ್ಳಿಗಳೆಲ್ಲ ಇದರೊಳಗೇ ಬರುತ್ತವೆ. ನೆಲ ಬಹುಪಾಲು ಎರೆ, ಅಲ್ಲಲ್ಲಿ ಮಸಾರಿ, ನಡುವೆ ಬಂಡೆಗುಡ್ಡ. ಮಳೆ ಕಡಿಮೆ. ಎರಡು ಹೊಳೆಗಳ ನಡುವೆ ಇದ್ದೂ ಇದು ಬರದ ನಾಡೆಂದೇ ಹೆಸರಾಗಿತ್ತು.

ಇಲ್ಲಿನ ಹಟ್ಟಿಯಲ್ಲಿ ಸುಮಾರು 2,000 ವರ್ಷ ಹಿಂದೆಯೇ ಚಿನ್ನ ತೆಗೆದ ಕುರುಹುಗಳಿವೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಸಿಕ್ಕಿದ್ದು ಶಾಸನ. ಅಲ್ಲಿಯವರೆಗೆ ಓದಿದ್ದ ಧರ್ಮಶಾಸನಗಳಲ್ಲಿ ಅರಸನಿಗೆ ಬಿರುದುಗಳಷ್ಟೇ ಇದ್ದವು; ‘ಅಶೋಕ’ ಎಂಬ ಹೆಸರು ಮೊದಲು ದೊರೆತದ್ದು ಇಲ್ಲಿ.

14ನೇ ಶತಮಾನದಿಂದ ಎರಡು ನೂರು ವರ್ಷ ವಿಜಯನಗರಕ್ಕೂ ಬಹಮನಿಗಳಿಗೂ, ಮುಂದೆ ಆದಿಲಶಾಹಿಗಳಿಗೂ ಈ ನೆಲಕ್ಕಾಗಿ ಕಾದಾಟ ನಡೆಯಿತು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರ ಯುದ್ಧ ನಡೆಯಿತೆಂದು ಇತಿಹಾಸಕಾರ ಫೆರಿಸ್ತಾ ಹೇಳುವ ಕಥೆ ರೋಚಕವೇ. ಆದರೆ ಕೋಟೆ, ಕಂದಾಯ, ಹೊಳೆ ದಾಟುವ ಕಡವುಗಳೇ ನಿಜವಾದ ಕಾರಣಗಳು ಎನ್ನಬೇಕು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಆ ಮುತ್ತಿಗೆಯ ವಿವರವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಗೋಡೆಯ ಕಲ್ಲು ಕಿತ್ತು ತಂದ ಆಳುಗಳಿಗೆ ನಾಯಕರು ಕಲ್ಲಿನ ಗಾತ್ರ ನೋಡಿ ಹತ್ತರಿಂದ ಐವತ್ತು ಹಣದವರೆಗೆ ಕೊಡುತ್ತಿದ್ದರಂತೆ. ಕೋಟೆ ಮೇಲಿನ ಕಾವಲಿನವರನ್ನು ಕೃಷ್ಣದೇವರಾಯನ ಪರವಿದ್ದ ಪೋರ್ಚುಗೀಸರ ಬಂದೂಕುಗಳು ಉರುಳಿಸಿದ ಮೇಲೆ ಗೋಡೆ ಕೀಳುವ ಕೆಲಸ ಸಲೀಸಾಯಿತು. 1565ರ ರಕ್ಕಸ-ತಂಗಡಿ ಯುದ್ಧದಿಂದ ವಿಜಯನಗರದ ಪಾಲು ಮುಗಿಯಿತು.

ಮುಂದೆ ನಾಡು ನಿಜಾಮರ ಕೈಸೇರಿತು. 1853ರಲ್ಲಿ ಸೈನ್ಯದ ಸಾಲಕ್ಕೆಂದು ಇಂಗ್ಲಿಷರ ವಶಕ್ಕೆ ಹೋದ ದೋಆಬು, 1857ರ ದಂಗೆಯಲ್ಲಿ ನಿಜಾಮ ಅವರ ಪರ ನಿಂತದ್ದಕ್ಕೆ 1860ರಲ್ಲಿ ಹಿಂದಿರುಗಿತು. ಜನರನ್ನು ಕೇಳಿದವರಿಲ್ಲ. ಆಡಳಿತ, ಶಾಲೆ ಎರಡರಲ್ಲೂ ಉರ್ದುವೇ ಮೇಲಾದ್ದರಿಂದ ಕನ್ನಡ ಓದು ಮಠಗಳ, ಖಾಸಗಿ ಶಾಲೆಗಳ ಆಸರೆಯಲ್ಲಿ ಉಳಿಯಿತು. 1947–48ರಲ್ಲಿ ನಿಜಾಮನ ಪರದ ರಜಾಕಾರರ ಹಾವಳಿಗೆ ಹೆದರಿ ಅನೇಕರು ಊರು ಬಿಟ್ಟರು. ಗಡಿಯಾಚೆಯ ಶಿಬಿರಗಳಿಂದ ನಿಜಾಮನ ವಿರುದ್ಧ ಹೋರಾಟ ನಡೆಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. 1956ರ ನವೆಂಬರ್ 1ರಂದು ಈ ನಾಡು ಮೈಸೂರು ರಾಜ್ಯಕ್ಕೆ ಸೇರಿತು.

ಇಷ್ಟು ರಕ್ತ ಕಂಡ ಮುದಗಲ್ಲು ಇಂದು ಹೆಸರಾಗಿರುವುದು ಮೊಹರಂಗೆ. ಆ ಹಬ್ಬದ ಅಲಾಯಿ ಕುಣಿತಕ್ಕೆ ಜಾತಿ, ಮತ ಕೇಳುವುದಿಲ್ಲ.

ನೀರಿನ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಬಿಟ್ಟ ಮೇಲೆ ಜೋಳ, ಸಜ್ಜೆ ಬೆಳೆಯುತ್ತಿದ್ದ ಸಿಂಧನೂರು ಸೀಮೆ ಭತ್ತದ ಗದ್ದೆಯಾಯಿತು. ಆಂಧ್ರದ ರೈತರು ಬಂದು ಜಮೀನು ಕೊಂಡು ನೆಲೆಸಿದ ಜಾಗಗಳು ‘ಕ್ಯಾಂಪ್’ ಎನಿಸಿಕೊಂಡವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪ್‌ಗಳು ಎದ್ದವು. ಇತ್ತ ಕಾಲುವೆ ಕಾಣದ ಹಳ್ಳಿಗಳಿಂದ ಗುಳೆ ಹೋಗುವುದು ನಿಲ್ಲಲಿಲ್ಲ. ಮಸ್ಕಿ ಭಾಗದ ಹಳ್ಳಿಗಳು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಧರಣಿ ಕೂತವು.

ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಗೇಟ್ ತಜ್ಞ ಕನ್ನಯ್ಯ ನಾಯ್ಡು ನೇತೃತ್ವದ ತಂಡ, ನೀರು ನುಗ್ಗುತ್ತಿದ್ದಂತೆಯೇ ತಾತ್ಕಾಲಿಕ ಗೇಟ್ ಕೂರಿಸಿತು; ಆಮೇಲಿನ ಮಳೆಗೆ ಜಲಾಶಯ ಮತ್ತೆ ತುಂಬಿತು. ಎಡದಂಡೆ ಕಾಲುವೆಯ ಕೊನೆಭಾಗದ ರೈತರ ನೀರಿನ ತಕರಾರು ಮಾತ್ರ ಹಾಗೇ ಇದೆ.